ಕಿಣ್ವಗಳ ಪ್ರತಿಬಂಧವೂ ಕುಷ್ಠರೋಗದ ಗುಳಿಗೆಯೂ



ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು ರಜೆ ಮುಗಿಸಿಕೊಂಡು ಶಾಲೆಗೆ ಬಂದಾಗ ಅವಳ ಬಲಗೈಯ ಕೊನೆಯ ಎರಡು ಬೆರಳುಗಳಲ್ಲಿ ಸುಟ್ಟ ಬೊಬ್ಬೆಗಳಿದ್ದವು. ರೊಟ್ಟಿಯ ಹಂಚನ್ನು ಬರಿಗೈಯಿಂದ ಇಳಿಸಿದ್ದಳಂತೆ. ಉರಿಯುತ್ತದೆಯೇ ಎಂದು ಕೇಳಿದೆನು. ಇಲ್ಲವೆಂದು ತಲೆಯಾಡಿಸಿದಳು. ಉರಿಯದೆ ಇದ್ದದ್ದೇ ನನ್ನನ್ನು ಹೆದರಿಸಿತು. ತೋಳನ್ನು ನೋಡಲು, ಮೊಣಕೈಯ ಕೆಳಗೆ ಅಂಗೈಯಷ್ಟು ಅಗಲದ ಮಸುಕಾದ ಮಚ್ಚೆಯೊಂದು ಇದ್ದಿತು. ಹತ್ತಿಯ ಎಳೆಯಿಂದ ಅಲ್ಲಿ ಮುಟ್ಟಿದರೆ ಅವಳಿಗೆ ತಿಳಿಯುತ್ತಿರಲಿಲ್ಲ. ಸರಕಾರಿ ಆರೋಗ್ಯ ಕೇಂದ್ರದ ವೈದ್ಯರು ಪರೀಕ್ಷಿಸಿ, ಇದು ಕುಷ್ಠರೋಗವೆಂದೂ, ಹನ್ನೆರಡು ತಿಂಗಳು ಔಷಧ ತೆಗೆದುಕೊಂಡರೆ ಪೂರ್ಣವಾಗಿ ಗುಣವಾಗುವುದೆಂದೂ ಹೇಳಿ, ಇಪ್ಪತ್ತೆಂಟು ದಿನಗಳ ಗುಳಿಗೆಗಳ ಪೊಟ್ಟಣವನ್ನು ಧರ್ಮಾರ್ಥವಾಗಿ ಕೊಟ್ಟರು.

ನಾಲ್ಕು ತಿಂಗಳಾದ ಮೇಲೆ ಅವಳ ತಾಯಿ ನನ್ನ ಬಳಿಗೆ ಬಂದಳು. ಆಕೆ ಮನೆಯಲ್ಲಿ ಹೊಲಿಗೆಯ ಯಂತ್ರವನ್ನಿಟ್ಟುಕೊಂಡು ಓಣಿಯವರ ಕುಪ್ಪಸಗಳನ್ನು ಹೊಲಿದು ಸಂಸಾರ ನಡಿಸುವವಳು. ಬಾಗಿಲು ಮುಂದೆ ಮಾಡಿ ಮೆಲ್ಲನೆ ಕೇಳಿದಳು: “ಅಕ್ಕೋರೆ, ಮಚ್ಚಿ ಮಾಸ್ಯದ. ಹುಡುಗಿ ಮೈಬಣ್ಣ ಕಪ್ಪ ಆಗ್ಲಿಕತ್ಯಾದ, ಮಂದಿ ಕೇಳ್ತಾರ. ಹೋದ ಬ್ಯಾನಿಗಿ ಇನ್ನ ಗುಳಿಗಿ ಯಾತಕ್ಕ?”

ವೈದ್ಯರು ಹೇಳಿದಷ್ಟು ದಿನ ನುಂಗಿಸಬೇಕಮ್ಮಾ ಎಂದು ಹೇಳಿ ಕಳುಹಿಸಬಹುದಾಗಿತ್ತು. ಆದರೆ ಅದು ಅಪ್ಪಣೆಯೇ ಹೊರತು ಉತ್ತರವಲ್ಲ. ಉತ್ತರವು ಕಿಣ್ವಗಳ ಶಾಸ್ತ್ರದಲ್ಲಿ ಇರುತ್ತದೆ. ಆ ದಿನ ಆ ತಾಯಿಗೆ ನಾನು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ನಿಮಗಾಗಿ ಪಾಠದ ರೂಪದಲ್ಲಿ ಬರೆದಿದ್ದೇನೆ. ಆ ಬಾಲಿಕೆಯ ಒಪ್ಪಿಗೆಯನ್ನು ಪಡೆದೇ ಇದನ್ನು ಹೇಳುತ್ತಿದ್ದೇನೆ. ಅವಳ ಹೆಸರನ್ನೂ ಊರನ್ನೂ ನೀವು ಕೇಳಬಾರದು.

೧. ಕಿಣ್ವವೆಂದರೇನು?

ಜೋಳದ ರೊಟ್ಟಿಯ ಒಂದು ತುಣುಕನ್ನು ಪಲ್ಯವಿಲ್ಲದೆ ಬಾಯಲ್ಲಿಟ್ಟು ಬಹಳ ಹೊತ್ತು ಅಗಿಯಿರಿ. ಮೊದಲು ಸಪ್ಪೆಯಾಗಿದ್ದದ್ದು ಕ್ರಮೇಣ ಸಿಹಿಯಾಗುವುದು. ರೊಟ್ಟಿಯಲ್ಲಿ ಯಾರೂ ಬೆಲ್ಲವನ್ನು ಹಾಕಲಿಲ್ಲ. ಹಿಟ್ಟಿನಲ್ಲಿರುವ ಪಿಷ್ಟವೇ ಸಕ್ಕರೆಯಾಗಿ ಒಡೆಯಿತು. ಒಡೆದದ್ದು ನಿಮ್ಮ ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಪದಾರ್ಥ. ಇಂಥಾ ಪದಾರ್ಥಗಳಿಗೆ ಕಿಣ್ವಗಳೆಂದು ಹೆಸರು. ಇವು ಬಹುಮಟ್ಟಿಗೆ ಪ್ರೋಟೀನುಗಳೇ ಆಗಿರುತ್ತವೆ. ತಾವು ವೆಚ್ಚವಾಗದೆ, ಪ್ರಾಣಿಗಳ, ಸಸ್ಯಗಳ ಹಾಗೂ ಸೂಕ್ಷ್ಮಜೀವಿಗಳ ದೇಹದಲ್ಲಿ ನಡೆಯಬೇಕಾದ ರಾಸಾಯನಿಕ ಕ್ರಿಯೆಗಳನ್ನು ತ್ವರೆಗೊಳಿಸುವುದು ಇವುಗಳ ಕೆಲಸ.

ಒಂದೊಂದು ಕಿಣ್ವಕ್ಕೂ ಒಂದೊಂದೇ ಕಸುಬು. ಪಿಷ್ಟವನ್ನು ಒಡೆಯುವುದು ಮಾಂಸವನ್ನು ಒಡೆಯಲಾರದು. ಇದಕ್ಕೆ ಕಾರಣವನ್ನು ಎಮಿಲ್ ಫಿಷರ್ ಎಂಬ ಜರ್ಮನಿಯ ರಸಾಯನಶಾಸ್ತ್ರಜ್ಞನು ೧೮೯೪ರಲ್ಲಿ ಬೀಗ ಮತ್ತು ಬೀಗದಕೈಯ ಹೋಲಿಕೆಯಿಂದ ಹೇಳಿದನು. ಕಿಣ್ವದ ಮೈಯಲ್ಲಿ ಒಂದು ಸಣ್ಣ ಕುಳಿ ಇರುತ್ತದೆ. ಆ ಕುಳಿಯ ಆಕಾರಕ್ಕೆ ಒಪ್ಪುವ ಪದಾರ್ಥವು ಮಾತ್ರ ಅಲ್ಲಿ ಬಂದು ಕೂತು ಮಾರ್ಪಾಡು ಹೊಂದಿ ಹೊರಗೆ ಹೋಗುವುದು. ಈಗಿನ ಶಾಸ್ತ್ರಜ್ಞರು ಈ ಕುಳಿಯು ಕಬ್ಬಿಣದ ಬೀಗದಂತೆ ಗಡುಸಲ್ಲವೆಂದೂ, ಕೈಗೆ ತಕ್ಕಂತೆ ಕೈಚೀಲವು ಹಿಗ್ಗುವ ಹಾಗೆ ತುಸು ಬಾಗುವುದೆಂದೂ ತಿಳಿಸುತ್ತಾರೆ. ಆದರೂ ಹೋಲಿಕೆಯ ಸಾರವು ಉಳಿದಿದೆ.

೨. ಪ್ರತಿಬಂಧದ ಎರಡು ಬಗೆ

ಆ ತಾಯಿಗೆ ನಾನು ಆಕೆಯ ಹೊಲಿಗೆಯ ಯಂತ್ರದಿಂದಲೇ ಹೇಳಿದೆನು. ಯಂತ್ರದ ಮುಂದೆ ಗಿರಾಕಿ ಕೂರಲು ಒಂದೇ ಕುರ್ಚಿ ಇದೆಯೆಂದು ಇಟ್ಟುಕೊಳ್ಳೋಣ. ಬಟ್ಟೆ ತಂದವರು ಒಬ್ಬೊಬ್ಬರಾಗಿ ಬಂದು ಕೂತು, ಹೊಲಿಸಿಕೊಂಡು ಎದ್ದು ಹೋಗುತ್ತಾರೆ. ಯಂತ್ರವೇ ಕಿಣ್ವ, ಬಟ್ಟೆ ತಂದವರೇ ಅದು ಕೆಲಸ ಮಾಡುವ ಪದಾರ್ಥ.

ಈಗ ಬಟ್ಟೆಯನ್ನೇ ತರದ, ಆದರೆ ನೋಡಲು ಗಿರಾಕಿಯಂತೆಯೇ ಇರುವ ಒಬ್ಬಳು ಬಂದು ಆ ಕುರ್ಚಿಯಲ್ಲಿ ಕೂತಳು. ಅವಳು ಇರುವಷ್ಟು ಹೊತ್ತು ಹೊಲಿಗೆ ನಿಂತಿತು. ಅವಳು ಎದ್ದುಹೋದರೆ ಮತ್ತೆ ನಡೆಯುವುದು. ಹೊರಗೆ ಇಂಥಾ ಸುಮ್ಮನೆ ಬಂದವರು ಹೆಚ್ಚಾಗಿದ್ದರೆ ಕುರ್ಚಿಯು ಬಹಳ ಸಾರಿ ಅವರ ಪಾಲಾಗುವುದು. ನಿಜವಾದ ಗಿರಾಕಿಗಳು ಹೆಚ್ಚಾಗಿದ್ದರೆ ಅವರೇ ಗೆಲ್ಲುವರು. ಇದಕ್ಕೆ ಸ್ಪರ್ಧಾತ್ಮಕ ಪ್ರತಿಬಂಧವೆಂದು ಹೆಸರು. ಇದರಲ್ಲಿ ಸೋಲು ಗೆಲುವುಗಳು ಎರಡು ಪಕ್ಷಗಳ ಸಂಖ್ಯೆಯನ್ನು ಅವಲಂಬಿಸಿರುತ್ತವೆ. ಮತ್ತು ಅದು ಶಾಶ್ವತವಲ್ಲ. ಈ ಎರಡು ಮಾತುಗಳನ್ನು ನೆನಪಿಡಿರಿ, ಮುಂದೆ ಬೇಕಾಗುವವು.

ಮತ್ತೊಬ್ಬನು ಬಂದು ಯಂತ್ರದ ಪಟ್ಟಿಯನ್ನೇ ಕತ್ತರಿಸಿಬಿಟ್ಟನೆನ್ನಿ. ಆಗ ಬಾಗಿಲಲ್ಲಿ ನೂರು ಗಿರಾಕಿಗಳು ನಿಂತರೂ ಪ್ರಯೋಜನವಿಲ್ಲ. ಇದು ಕಿಣ್ವವನ್ನೇ ಕೆಡಿಸುವ ಪ್ರತಿಬಂಧ. ತಲೆನೋವಿಗೆ ನುಂಗುವ ಆಸ್ಪಿರಿನ್ ಗುಳಿಗೆಯು ನೋವು ಹುಟ್ಟಿಸುವ ಪದಾರ್ಥಗಳನ್ನು ತಯಾರಿಸುವ ಕಿಣ್ವಕ್ಕೆ ಹೀಗೆಯೇ ಮಾಡುತ್ತದೆ. ನಮ್ಮ ಸೀಮೆಯ ಹತ್ತಿಯ ಹೊಲಗಳಲ್ಲಿ ಸಿಂಪಡಿಸುವ ಕೆಲವು ಕೀಟನಾಶಕಗಳು ನರಗಳಿಗೆ ಅವಶ್ಯವಾದ ಒಂದು ಕಿಣ್ವವನ್ನು ಇದೇ ರೀತಿ ಕೆಡಿಸುವುದರಿಂದಲೇ ಅವು ಹುಳುವಿಗೂ ಮನುಷ್ಯನಿಗೂ ಅಪಾಯಕರವಾಗಿವೆ. ಒಂದೇ ತತ್ವವು ಒಂದು ಕಡೆ ಔಷಧ, ಇನ್ನೊಂದು ಕಡೆ ವಿಷ.

೩. ಕೆಂಪು ಬಣ್ಣದಿಂದ ಹುಟ್ಟಿದ ವಿದ್ಯೆ

ಔಷಧಗಳು ಕಿಣ್ವಗಳನ್ನು ತಡೆದು ಕೆಲಸ ಮಾಡಬಲ್ಲವೆಂಬುದು ಸ್ಪಷ್ಟವಾದದ್ದು ಸಲ್ಫಾ ಔಷಧಗಳಿಂದ. ಜರ್ಮನಿಯ ಗೆರ್ಹಾರ್ಡ್ ಡೋಮಾಕ್ ಎಂಬವರು ಪ್ರೊಂಟೊಸಿಲ್ ಎಂಬ ಕೆಂಪು ಬಣ್ಣವು ಇಲಿಗಳನ್ನು ಪ್ರಾಣಾಂತಿಕವಾದ ಸೋಂಕಿನಿಂದ ಉಳಿಸಿತೆಂದು ೧೯೩೫ರಲ್ಲಿ ಪ್ರಕಟಿಸಿದರು. ಆದರೆ ಅದೇ ಬಣ್ಣವನ್ನು ಗಾಜಿನ ನಳಿಗೆಯಲ್ಲಿ ಸೂಕ್ಷ್ಮಜೀವಿಗಳ ಮೇಲೆ ಹಾಕಿದರೆ ಏನೂ ಆಗುತ್ತಿರಲಿಲ್ಲ. ಅದೇ ವರ್ಷ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಈ ಒಗಟು ಒಡೆಯಿತು; ಒಡೆದವರಲ್ಲಿ ತೆರೇಸ್ ತ್ರೆಫುಯೆಲ್ ಎಂಬ ಮಹಿಳೆಯೂ ಒಬ್ಬರು. ದೇಹವು ಆ ಬಣ್ಣವನ್ನು ಒಡೆದು ಸಲ್ಫಾನಿಲಮೈಡ್ ಎಂಬ ಬಿಳಿಯ ಪದಾರ್ಥವನ್ನು ಬೇರ್ಪಡಿಸುವುದೆಂದೂ, ನಿಜವಾದ ಔಷಧವು ಅದೇ ಎಂದೂ ಅವರು ತೋರಿಸಿದರು.

ಅದು ಸೂಕ್ಷ್ಮಜೀವಿಗಳಿಗೆ ಏನು ಮಾಡುತ್ತದೆ? ಲಂಡನ್ ನಗರದಲ್ಲಿ ಡೊನಾಲ್ಡ್ ವುಡ್ಸ್ ಎಂಬವರು ೧೯೪೦ರಲ್ಲಿ ಒಂದು ವಿಚಿತ್ರವನ್ನು ಕಂಡರು. ಸಲ್ಫಾನಿಲಮೈಡ್ ಹಾಕಿ ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ನಿಲ್ಲಿಸಿದ ಮೇಲೆ, ಬ್ರೆಡ್ಡಿನ ಹಿಟ್ಟನ್ನು ಹುದುಗಿಸುವ ಯೀಸ್ಟಿನ ಸಾರವನ್ನು ಸೇರಿಸಿದರೆ ಅವು ಮತ್ತೆ ಬೆಳೆದವು. ಸಾರದಲ್ಲಿ ಔಷಧವನ್ನು ಸೋಲಿಸುವ ಯಾವುದೋ ಒಂದು ಪದಾರ್ಥವಿತ್ತು. ಅದು ಪ್ಯಾರಾ ಅಮೈನೋ ಬೆಂಜೋಯಿಕ್ ಆಮ್ಲವೆಂಬುದಕ್ಕೆ ಅವರು ಪ್ರಬಲ ಸಾಕ್ಷ್ಯಗಳನ್ನು ತೋರಿಸಿದರು. ಹೆಸರು ಉದ್ದವಾದುದರಿಂದ ಇದನ್ನು ‘ಪಾಬಾ’ ಎಂದು ಕರೆಯೋಣ. ಪಾಬಾದ ಅಣುವಿನ ನಡುವೆ ಆರು ಇಂಗಾಲದ ಪರಮಾಣುಗಳ ಒಂದು ಬಳೆ. ಬಳೆಯ ಒಂದು ತುದಿಯಲ್ಲಿ ಅಮೈನೋ ಗುಂಪು, ಎದುರು ತುದಿಯಲ್ಲಿ ಆಮ್ಲದ ಗುಂಪು. ಸಲ್ಫಾನಿಲಮೈಡಿನಲ್ಲಿಯೂ ಅದೇ ಬಳೆ, ಅದೇ ಅಮೈನೋ ಗುಂಪು; ಎದುರು ತುದಿಯಲ್ಲಿ ಮಾತ್ರ ಆಮ್ಲದ ಬದಲಿಗೆ ಗಂಧಕವಿರುವ ಗುಂಪು. ಅಕ್ಕತಂಗಿಯರಷ್ಟು ಹೋಲಿಕೆ! ಬಟ್ಟೆ ತಂದವಳಿಗೂ ತರದವಳಿಗೂ ಇರುವ ಭೇದವು ಇಷ್ಟೇ.

ಔಷಧವನ್ನು ಹೆಚ್ಚಿಸಿದರೆ ಬೆಳವಣಿಗೆ ನಿಂತಿತು. ಪಾಬಾವನ್ನು ಹೆಚ್ಚಿಸಿದರೆ ಪುನಃ ನಡೆಯಿತು. ಇದು ಸ್ಪರ್ಧಾತ್ಮಕ ಪ್ರತಿಬಂಧದ ಗುರುತಲ್ಲದೆ ಮತ್ತೇನು? ಹುಣ್ಣಿನಲ್ಲಿ ಕೀವು ತುಂಬಿದ್ದಾಗ ಸಲ್ಫಾ ಔಷಧವು ಸರಿಯಾಗಿ ನಾಟದೆ ಇರುವುದಕ್ಕೂ ಇದೇ ಕಾರಣ. ಸತ್ತ ಜೀವಕೋಶಗಳಿಂದ ಬಂದ ಪಾಬಾವು ಕೀವಿನಲ್ಲಿ ಬಹಳವಾಗಿರುತ್ತದೆ. ಆದುದರಿಂದ ಮೊದಲು ಹುಣ್ಣನ್ನು ತೊಳೆಯಬೇಕೆಂದು ಹಿಂದಿನ ದಾದಿಯರಿಗೆ ಕಲಿಸುತ್ತಿದ್ದರು.

೪. ಗರುಡಫಲದ ಎಣ್ಣೆಯಿಂದ ಡ್ಯಾಪ್ಸೋನಿನವರೆಗೆ

ಇನ್ನು ನಮ್ಮ ಬಾಲಿಕೆಯ ರೋಗಕ್ಕೆ ಬರೋಣ. ಕುಷ್ಠವು ಪಾಪದ ಫಲವೆಂದೂ ವಂಶದ ಶಾಪವೆಂದೂ ಜನರು ಸಾವಿರಾರು ವರ್ಷ ನಂಬಿದ್ದರು. ೧೮೭೩ರಲ್ಲಿ ನಾರ್ವೆ ದೇಶದ ಬರ್ಗೆನ್ ಪಟ್ಟಣದ ವೈದ್ಯ ಅರ್ಮೌವರ್ ಹ್ಯಾನ್ಸನ್ ಎಂಬವರು ರೋಗಿಯ ಚರ್ಮದ ಗಂಟುಗಳಲ್ಲಿ ಕಡ್ಡಿಯಾಕಾರದ ಸೂಕ್ಷ್ಮಜೀವಿಗಳನ್ನು ಕಂಡರು. ಅಂದಿನಿಂದ ಇದು ಕ್ಷಯದಂತೆ ಒಂದು ಸೋಂಕು, ಅಷ್ಟೇ ಎಂದು ತಿಳಿಯಿತು. ಆದರೆ ಕಾರಣ ತಿಳಿದರೂ ಔಷಧವಿರಲಿಲ್ಲ.

ನಮ್ಮ ನಾಡಿನಲ್ಲಿ ಈ ರೋಗಿಗಳಿಗೆ ಆಶ್ರಯ ಕೊಟ್ಟ ಸ್ಥಾನಗಳಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಎಂಬವರು ೧೮೯೦ರಲ್ಲಿ ತೆರೆದ ಆಶ್ರಮವು ಒಂದು. ನಮ್ಮ ಸೈದಾಪುರದ ಸೀಮೆಯು ೧೯೪೮ರವರೆಗೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತಷ್ಟೆ. ಅದೇ ರಾಜ್ಯದ ನಿಜಾಮಾಬಾದಿನ ಹತ್ತಿರ ಡಿಚ್‌ಪಲ್ಲಿಯಲ್ಲಿ ಇಸಬೆಲ್ ಕೆರ್ ಎಂಬ ಸ್ಕಾಟ್ಲೆಂಡಿನ ವೈದ್ಯೆಯೂ ಅವರ ಪತಿಯೂ ೧೯೧೫ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆಯನ್ನು ಸ್ಥಾಪಿಸಿದರು. ಆಗ ಇದ್ದ ಮದ್ದು ಗರುಡಫಲದ ಜಾತಿಯ ಮರಗಳ ಬೀಜದಿಂದ ತೆಗೆದ ಎಣ್ಣೆ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಈ ಮರವು ಬೆಳೆಯುತ್ತದೆ. ಎಣ್ಣೆಯನ್ನು ಕುಡಿದರೆ ವಾಂತಿ. ಆದುದರಿಂದ ಚರ್ಮದೊಳಕ್ಕೆ ಸೂಜಿಯಿಂದ ಹಾಕುತ್ತಿದ್ದರು. ನೋವು ಬಹಳ, ಫಲವು ಅನಿಶ್ಚಿತ. ಆದರೂ ಎಲ್ಲರೂ ಹೊರದೂಡಿದವರ ಮೈಯನ್ನು ಮುಟ್ಟಿ ಮದ್ದು ಮಾಡಿದ ಕೈಗಳು ಅವು.

ಡ್ಯಾಪ್ಸೋನನ್ನು ೧೯೦೮ರಲ್ಲಿಯೇ ಜರ್ಮನಿಯ ಫ್ರೋಮ್ ಮತ್ತು ವಿಟ್‌ಮನ್ ಎಂಬ ರಸಾಯನಶಾಸ್ತ್ರಜ್ಞರು ತಯಾರಿಸಿದ್ದರು. ಔಷಧವಾದೀತೆಂದು ಅವರು ಎಣಿಸಿರಲಿಲ್ಲ. ಸಲ್ಫಾ ಔಷಧಗಳ ಕೀರ್ತಿ ಹರಡಿದ ಮೇಲೆ, ೧೯೩೭ರಲ್ಲಿ, ಅವುಗಳ ಬಂಧುವಾದ ಇದನ್ನೂ ಸೋಂಕುಗಳ ಮೇಲೆ ಪರೀಕ್ಷಿಸಿದರು. ಇದರ ಅಣುವಿನಲ್ಲಿ ಎರಡು ಬಳೆಗಳಿವೆ. ಎರಡಕ್ಕೂ ಒಂದೊಂದು ಅಮೈನೋ ಗುಂಪು. ನಡುವೆ ಗಂಧಕದ ಕೊಂಡಿ. ಅಂದರೆ ಪಾಬಾದ ಹೋಲಿಕೆಯು ಎರಡು ತುದಿಗಳಲ್ಲಿಯೂ ಇದೆ. ಆದರೆ ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಇದು ವಿಷವಾಗಿ ತೋರಿದ್ದರಿಂದ ಮನುಷ್ಯರಿಗೆ ಕೊಡಲು ಹೆದರಿದರು. ೧೯೪೧ರಲ್ಲಿ ಅಮೆರಿಕದ ಕಾರ್ವಿಲ್ ಎಂಬ ಊರಿನ ಕುಷ್ಠರೋಗದ ಆಸ್ಪತ್ರೆಯಲ್ಲಿ ವೈದ್ಯ ಗೈ ಫ್ಯಾಜೆ ಎಂಬವರು ಡ್ಯಾಪ್ಸೋನಿನಿಂದ ಮಾಡಿದ ಪ್ರೋಮಿನ್ ಎಂಬ ಔಷಧವನ್ನು ರಕ್ತನಾಳದ ಮೂಲಕ ಕೊಟ್ಟು ಹುಣ್ಣುಗಳು ಮಾಯುವುದನ್ನು ಕಂಡರು. ೧೯೪೬ರಲ್ಲಿ ಮದರಾಸಿನ ಹತ್ತಿರದ ಚೆಂಗಲ್ಪಟ್ಟಿನಲ್ಲಿ ರಾಬರ್ಟ್ ಕಾಕ್ರೇನ್ ಎಂಬವರು ಡ್ಯಾಪ್ಸೋನನ್ನೇ ಎಣ್ಣೆಯಲ್ಲಿ ಕಲಸಿ ಸೂಜಿಮದ್ದಾಗಿ ಕೊಟ್ಟರು. ಡಿಚ್‌ಪಲ್ಲಿಯಲ್ಲಿ ಕೆಲಸ ಮಾಡಿದ್ದ ಜಾನ್ ಲೋವ್ ಎಂಬ ವೈದ್ಯರು ಮುಂದೆ ಆಫ್ರಿಕದ ನೈಜೀರಿಯ ದೇಶಕ್ಕೆ ಹೋಗಿ, ಸಣ್ಣ ಪ್ರಮಾಣದ ಗುಳಿಗೆಯನ್ನು ಬಾಯಿಂದ ನುಂಗಿಸಿದರೆ ಸಾಕೆಂದು ೧೯೪೦ರ ದಶಕದ ಕೊನೆಯಲ್ಲಿ ತೋರಿಸಿಕೊಟ್ಟರು. ಸೂಜಿಯೂ ದಾದಿಯೂ ಬೇಕಿಲ್ಲದ, ಬಡವನಿಗೂ ನಿಲುಕುವ ಔಷಧವು ಹೀಗೆ ಹಳ್ಳಿಗಳಿಗೆ ಬಂದಿತು.

೫. ಸೂಕ್ಷ್ಮಜೀವಿಗೆ ಪೆಟ್ಟು, ನಮಗೇಕಿಲ್ಲ?

ಡ್ಯಾಪ್ಸೋನು ಯಾವ ಕಿಣ್ವದ ಕುರ್ಚಿಯಲ್ಲಿ ಕೂರುತ್ತದೆ? ಆ ಕಿಣ್ವದ ಹೆಸರು ಡೈಹೈಡ್ರೋಟೆರೋಯೇಟ್ ಸಿಂಥೇಸ್. ಸೂಕ್ಷ್ಮಜೀವಿಯ ಮೈಯಲ್ಲಿ ಪಾಬಾವನ್ನು ಟೆರಿನ್ ಎಂಬ ಇನ್ನೊಂದು ಪದಾರ್ಥಕ್ಕೆ ಜೋಡಿಸುವುದು ಅದರ ಕೆಲಸ. ಈ ಜೋಡಣೆಯಿಂದಲೇ ಮುಂದೆ ಫೋಲಿಕ್ ಆಮ್ಲದ ರೂಪಗಳು ತಯಾರಾಗುತ್ತವೆ. ಅವುಗಳಿಲ್ಲದೆ ಜೀವಿಯು ತನ್ನ ವಂಶದ ಬರಹವಾದ ಡಿಎನ್‌ಎಯನ್ನು ನಕಲು ಮಾಡಲಾರದು. ನಕಲಿಲ್ಲದೆ ಒಂದು ಎರಡಾಗಲಾರದು.

ನಮಗೂ ಫೋಲಿಕ್ ಆಮ್ಲ ಬೇಕು. ಆದರೆ ನಮ್ಮ ದೇಹದಲ್ಲಿ ಈ ಕಿಣ್ವವೇ ಇಲ್ಲ! ನಾವು ಅದನ್ನು ತಯಾರಿಸುವುದಿಲ್ಲ, ತಿನ್ನುತ್ತೇವೆ. ಮೆಂತ್ಯೆ, ರಾಜಗಿರಿ, ಪಾಲಕ್ ಮುಂತಾದ ಸೊಪ್ಪುಗಳಲ್ಲಿಯೂ ಬೇಳೆಕಾಳುಗಳಲ್ಲಿಯೂ ಅದು ಸಿಗುತ್ತದೆ. ಇಲ್ಲದ ಯಂತ್ರದ ಮುಂದಣ ಕುರ್ಚಿಯಲ್ಲಿ ಯಾರು ಕೂತರೆ ನಮಗೇನು? ಒಂದೇ ಔಷಧವು ನಮ್ಮೊಳಗಿನ ಶತ್ರುವನ್ನು ತಡೆದು ನಮ್ಮನ್ನು ಬಿಡುವುದರ ರಹಸ್ಯವು ಇದು.

ಇಲ್ಲಿ ಒಂದು ಮಾತು ನಿಮಗೆ ಮೆಚ್ಚಿಗೆಯಾದೀತು. ಫೋಲಿಕ್ ಆಮ್ಲದ ಜಾಡನ್ನು ಹಿಡಿದವರು ಲೂಸಿ ವಿಲ್ಸ್ ಎಂಬ ವೈದ್ಯೆ, ಹಿಡಿದದ್ದು ಮುಂಬಯಿಯಲ್ಲಿ. ೧೯೨೮ರಿಂದ ಅವರು ಅಲ್ಲಿಯ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಾಸ ಮಾಡಿ, ಯೀಸ್ಟಿನ ಸಾರದಿಂದ ಅದು ಗುಣವಾಗುವುದೆಂದು ಕಂಡರು. ೧೯೪೧ರಲ್ಲಿ ಅಮೆರಿಕದ ಶಾಸ್ತ್ರಜ್ಞರು ಪಾಲಕ್ ಸೊಪ್ಪಿನಿಂದ ಇಂಥಾ ಪದಾರ್ಥವನ್ನು ಬೇರ್ಪಡಿಸಿ, ಎಲೆಯ ಲ್ಯಾಟಿನ್ ಹೆಸರಿನಿಂದ ಅದನ್ನು ಫೋಲಿಕ್ ಆಮ್ಲವೆಂದು ಕರೆದರು. ಶಾಲೆಯಲ್ಲಿ ವಾರಕ್ಕೊಮ್ಮೆ ನಿಮಗೆ ಕೊಡುವ ನೀಲಿ ಗುಳಿಗೆಯಲ್ಲಿ ಕಬ್ಬಿಣದ ಜೊತೆಗೆ ಇರುವುದು ಇದೇ.

ಈ ಪಾಠವನ್ನು ಹೇಳುವಾಗ ಒಬ್ಬ ವಿದ್ಯಾರ್ಥಿನಿಯು ಎದ್ದು ನಿಂತು, “ಹಾಗಾದರೆ ರೋಗಿಯು ಸೊಪ್ಪು ತಿಂದರೆ ಸೂಕ್ಷ್ಮಜೀವಿಗೂ ಊಟ ಹಾಕಿದಂತಾಗುವುದಿಲ್ಲವೇ?” ಎಂದು ಕೇಳಿದಳು. ಉತ್ತಮವಾದ ಪ್ರಶ್ನೆ. ತಮ್ಮ ಫೋಲಿಕ್ ಆಮ್ಲವನ್ನು ತಾವೇ ತಯಾರಿಸಿಕೊಳ್ಳುವ ಸೂಕ್ಷ್ಮಜೀವಿಗಳಲ್ಲಿ ಹೆಚ್ಚಿನವು ಸಿದ್ಧವಾದದ್ದನ್ನು ಹೊರಗಿನಿಂದ ಒಳಗೆ ತೆಗೆದುಕೊಳ್ಳಲಾರವು. ಆದುದರಿಂದ ರೋಗಿಯು ಸೊಪ್ಪನ್ನು ಬಿಡಬೇಕಾಗಿಲ್ಲ, ತಿನ್ನುವುದೇ ಒಳ್ಳೆಯದು.

೬. ಹೋದ ಬೇನೆಗೆ ಇನ್ನೂ ಗುಳಿಗೆ ಏತಕ್ಕೆ?

ಈಗ ಆ ತಾಯಿಯ ಪ್ರಶ್ನೆಗೆ ಉತ್ತರ ಹೇಳಬಹುದು. ಉತ್ತರದಲ್ಲಿ ಮೂರು ಭಾಗಗಳಿವೆ.

ಮೊದಲನೆಯದು: ಡ್ಯಾಪ್ಸೋನು ಯಂತ್ರವನ್ನು ಮುರಿಯುವುದಿಲ್ಲ, ಕುರ್ಚಿಯಲ್ಲಿ ಕೂರುತ್ತದೆ, ಅಷ್ಟೇ. ಕೂತವರು ಏಳುತ್ತಾರೆ. ರಕ್ತದಲ್ಲಿರುವ ಔಷಧವು ಸುಮಾರು ಒಂದು ದಿನದಲ್ಲಿ ಅರ್ಧಕ್ಕೆ ಇಳಿಯುವುದು. ಹೊಸ ಗುಳಿಗೆಯು ಬರದಿದ್ದರೆ ಕೆಲವು ದಿನಗಳಲ್ಲಿ ಕುರ್ಚಿಯು ತೆರವಾಗಿ, ಉಳಿದ ಸೂಕ್ಷ್ಮಜೀವಿಗಳು ತಮ್ಮ ಕೆಲಸಕ್ಕೆ ತೊಡಗುವವು. ಒಂದು ದಿನ ಮರೆತರೆ ಅನಾಹುತವೇನೂ ಆಗದು. ಮರುದಿನ ಎಂದಿನಂತೆ ಒಂದನ್ನೇ ನುಂಗಬೇಕು, ಎರಡನ್ನಲ್ಲ. ಆದರೆ ವಾರಗಟ್ಟಲೆ ಬಿಡುವುದು ಶತ್ರುವಿಗೆ ಬಾಗಿಲು ತೆರೆದಂತೆ.

ಎರಡನೆಯದು: ಈ ಸೂಕ್ಷ್ಮಜೀವಿಯು ಬಹಳ ಮೈಗಳ್ಳ. ಕರುಳಿನಲ್ಲಿರುವ ಸಾಮಾನ್ಯ ಸೂಕ್ಷ್ಮಜೀವಿಯು ಅನುಕೂಲವಿದ್ದರೆ ಇಪ್ಪತ್ತು ನಿಮಿಷಗಳಲ್ಲಿ ಎರಡಾಗುವುದು. ಕುಷ್ಠದ್ದು ಎರಡಾಗಲು ಸುಮಾರು ಹನ್ನೆರಡರಿಂದ ಹದಿನಾಲ್ಕು ದಿನಗಳು ಬೇಕು. ಡ್ಯಾಪ್ಸೋನಿನ ಪೆಟ್ಟು ಬೀಳುವುದು ಅದು ಎರಡಾಗಲು ಹೊರಟಾಗ. ಕೂಡಿಟ್ಟ ಫೋಲಿಕ್ ಆಮ್ಲವು ಖರ್ಚಾಗುವವರೆಗೆ ಅದು ಹಾಗೂ ಹೀಗೂ ಕಾಲ ನೂಕುತ್ತದೆ. ಬಡ್ಡಿಯಿಲ್ಲದೆ ಬಂಡವಾಳದಿಂದ ಉಣ್ಣುವ ಸಾಹುಕಾರನಂತೆ ಅದು ನಿಧಾನವಾಗಿಯೇ ದಿವಾಳಿಯಾಗಬೇಕು. ಮಚ್ಚೆಯು ಮಾಸುವುದು ಚರ್ಮದ ಸಂಗತಿ. ಒಳಗಿನ ಲೆಕ್ಕವು ಇನ್ನೂ ತೀರಿರುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಔಷಧವು ಮುಗಿದು ಗುಣವಾದ ಮೇಲೂ ಕೆಲವರಲ್ಲಿ ಮಚ್ಚೆ ಉಳಿಯಬಹುದು. ಆದುದರಿಂದ ಕಣ್ಣಿಗೆ ಕಂಡದ್ದರಿಂದ ತೀರ್ಮಾನ ಮಾಡಬಾರದು.

ಮೂರನೆಯದು ಎಲ್ಲಕ್ಕಿಂತ ಗಂಭೀರ. ಹಿಂದೆ ಡ್ಯಾಪ್ಸೋನ್ ಒಂದನ್ನೇ ವರ್ಷಗಟ್ಟಲೆ, ಕೆಲವರಿಗೆ ಜೀವಮಾನವೆಲ್ಲ, ಕೊಡುತ್ತಿದ್ದರು. ಬೇಸತ್ತು ಬಿಟ್ಟವರು, ಅರೆಬರೆ ನುಂಗಿದವರು ಬಹಳ. ಲಕ್ಷಗಟ್ಟಲೆ ಸೂಕ್ಷ್ಮಜೀವಿಗಳಲ್ಲಿ ಎಲ್ಲೋ ಒಂದರ ಕಿಣ್ವವು ಹುಟ್ಟಿನಿಂದಲೇ ತುಸು ಬೇರೆ ಆಕಾರದ್ದಾಗಿರುತ್ತದೆ. ಕಿಣ್ವದ ಪ್ರೋಟೀನಿನ ಸರದಲ್ಲಿ ೫೩ನೆಯ ಅಥವಾ ೫೫ನೆಯ ಮಣಿಯೊಂದು ಬದಲಾದರೆ ಸಾಕು, ಕುರ್ಚಿಯಲ್ಲಿ ಪಾಬಾ ಕೂರಬಲ್ಲದು, ಡ್ಯಾಪ್ಸೋನು ಕೂರಲಾರದು. ಉಳಿದವುಗಳೆಲ್ಲ ಸಾಯುತ್ತಿರುವಾಗ ಅದೊಂದು ಬೆಳೆಯುತ್ತದೆ. ಡ್ಯಾಪ್ಸೋನಿಗೆ ಬಗ್ಗದ ಕುಷ್ಠವಿದೆಯೆಂದು ೧೯೬೪ರಲ್ಲಿ ಪ್ರಯೋಗದಿಂದ ಸಿದ್ಧವಾಯಿತು. ಆದುದರಿಂದ ವಿಶ್ವ ಆರೋಗ್ಯ ಸಂಸ್ಥೆಯು ೧೯೮೨ರಲ್ಲಿ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಕ್ರಮವನ್ನು ಹೇಳಿತು. ನಮ್ಮ ದೇಶದಲ್ಲಿ ಅದು ೧೯೮೩ರಿಂದ ಬಳಕೆಗೆ ಬಂದಿತು.

ಆ ಬಾಲಿಕೆಯ ಪೊಟ್ಟಣದಲ್ಲಿ ಮೂರು ಔಷಧಗಳಿದ್ದವು. ತಿಂಗಳಿಗೊಮ್ಮೆ ಆರೋಗ್ಯ ಕೇಂದ್ರದವರ ಎದುರಿಗೇ ನುಂಗಬೇಕಾದ ರಿಫಾಂಪಿಸಿನ್ ಅವುಗಳಲ್ಲಿ ಬಲಿಷ್ಠವಾದದ್ದು. ಅದೂ ಒಂದು ಕಿಣ್ವದ ಪ್ರತಿಬಂಧಕವೇ. ಡಿಎನ್‌ಎಯ ಬರಹವನ್ನು ಓದಿ ಆರ್‌ಎನ್‌ಎಯನ್ನು ಬರೆಯುವ ಕಿಣ್ವವನ್ನು ಅದು ತಡೆದು ಬಹುಪಾಲು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಔಷಧವನ್ನು ಪ್ರಾರಂಭಿಸಿದ ಕೆಲವೇ ದಿನಗಳಲ್ಲಿ ರೋಗಿಯಿಂದ ಇತರರಿಗೆ ಹರಡುವ ಭಯವು ಬಹುಮಟ್ಟಿಗೆ ಇಲ್ಲವಾಗುವುದು ಇದರಿಂದಲೇ. ಎರಡನೆಯದು ದಿನವೂ ನುಂಗುವ ೧೦೦ ಮಿಲಿಗ್ರಾಂ ಡ್ಯಾಪ್ಸೋನ್. ಮೂರನೆಯದು ಕ್ಲೋಫಾಜಿಮಿನ್, ಇದೂ ಮೂಲತಃ ಬಣ್ಣದ ಜಾತಿಯದೇ. ಮೈ ಕಪ್ಪಾದದ್ದು ಇದರಿಂದ. ಔಷಧ ನಿಂತ ಮೇಲೆ ಕೆಲವು ತಿಂಗಳುಗಳಲ್ಲಿ ಆ ಕಪ್ಪು ತಾನಾಗಿ ಇಳಿಯುವುದು. ಒಂದು ಔಷಧದ ಕೈತಪ್ಪಿಸಿಕೊಂಡ ಸೂಕ್ಷ್ಮಜೀವಿಯು ಇನ್ನೊಂದರ ಕೈಗೆ ಸಿಕ್ಕುವುದು; ಮೂರರಿಂದಲೂ ಏಕಕಾಲಕ್ಕೆ ತಪ್ಪಿಸಿಕೊಳ್ಳುವುದು ಬಹಳ ಕಷ್ಟ.

೭. ಕೆಲವು ಎಚ್ಚರಿಕೆಗಳು

ಔಷಧವು ಎಷ್ಟೇ ಒಳ್ಳೆಯದಾದರೂ ವೈದ್ಯರ ಕಣ್ಣಳತೆಯಲ್ಲಿರಬೇಕು. ಕೆಲವರ ರಕ್ತಕಣಗಳಲ್ಲಿ ಜಿ-೬-ಪಿ-ಡಿ ಎಂಬ ಕಿಣ್ವವು ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಅಂಥವರು ಡ್ಯಾಪ್ಸೋನ್ ನುಂಗಿದರೆ ರಕ್ತಕಣಗಳು ಒಡೆಯಬಹುದು. ಕಣ್ಣು ಹಳದಿಯಾದರೆ, ಉಸಿರಿಗೆ ಆಯಾಸವಾದರೆ, ಜ್ವರದೊಂದಿಗೆ ಮೈಯೆಲ್ಲ ದದ್ದು ಎದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ತೊನ್ನು ಬೇರೆ, ಕುಷ್ಠ ಬೇರೆ. ತೊನ್ನಿನಲ್ಲಿ ಚರ್ಮವು ಹಾಲಿನಂತೆ ಬೆಳ್ಳಗಾಗುವುದು, ಸ್ಪರ್ಶಜ್ಞಾನವು ಇರುವುದು. ಅದು ಯಾರಿಗೂ ಅಂಟುವುದಿಲ್ಲ. ಕುಷ್ಠದ ಮಚ್ಚೆಯು ಮಸುಕಾಗಿ ಅಥವಾ ಕೆಂಪಾಗಿ ಇದ್ದು ಅಲ್ಲಿ ಸಾಮಾನ್ಯವಾಗಿ ಸ್ಪರ್ಶಜ್ಞಾನವು ಕುಂದಿರುತ್ತದೆ. ನೋಯುವುದಿಲ್ಲ, ತುರಿಸುವುದಿಲ್ಲ, ಆದುದರಿಂದಲೇ ಜನರು ಅಲಕ್ಷಿಸುತ್ತಾರೆ. ಕೈಕಾಲುಗಳಲ್ಲಿ ಜೋಮು, ಗುಂಡಿ ಹಾಕಿಕೊಳ್ಳಲಾಗದಷ್ಟು ಬೆರಳುಗಳ ಬಲಹೀನತೆ, ಕಾಲಿನಿಂದ ಚಪ್ಪಲಿ ಜಾರಿದರೂ ತಿಳಿಯದಿರುವುದು, ಇವುಗಳನ್ನು ಕಂಡರೆ ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿರಿ. ಪ್ರಪಂಚದಲ್ಲಿ ಹೊಸದಾಗಿ ಕಂಡುಬರುವ ಕುಷ್ಠರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಮ್ಮ ದೇಶದವರೆಂಬುದನ್ನು ಮರೆಯಬಾರದು.

ಈ ರೋಗವನ್ನು ವಿವಾಹ ವಿಚ್ಛೇದಕ್ಕೆ ಕಾರಣವಾಗಿ ಎಣಿಸುತ್ತಿದ್ದ ಕಾಯಿದೆಯ ಮಾತುಗಳನ್ನು ನಮ್ಮ ಪಾರ್ಲಿಮೆಂಟು ೨೦೧೯ರಲ್ಲಿ ತೆಗೆದುಹಾಕಿತು. ಕಾಯಿದೆಯು ತಿದ್ದಿಕೊಂಡಿತು, ಓಣಿಯ ಮಾತು ಇನ್ನೂ ತಿದ್ದಿಕೊಳ್ಳಬೇಕಾಗಿದೆ. ಆ ಕೆಲಸವು ಓದಿದ ಹೆಣ್ಣುಮಕ್ಕಳದು.

ನಾನು ಹೇಳುವುದನ್ನೆಲ್ಲ ಆ ತಾಯಿ ಸುಮ್ಮನೆ ಕೇಳಿದಳು. ಕೊನೆಗೆ, “ಹಂಗಾದ್ರ ಅಕ್ಕೋರೆ, ಕುರ್ಚಿ ಖಾಲಿ ಬಿಡಬಾರದು ಅನ್ರಿ” ಎಂದಳು. ನನ್ನ ಒಂದು ತಾಸಿನ ಪಾಠವನ್ನು ಆಕೆ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದಳು. ಬಾಲಿಕೆಯು ಹನ್ನೆರಡು ತಿಂಗಳೂ ಔಷಧವನ್ನು ತೆಗೆದುಕೊಂಡು ಗುಣಹೊಂದಿದಳು. ಮೈಯ ಕಪ್ಪು ಮರುವರ್ಷ ಇಳಿಯಿತು. ಆದರೆ ಆ ಎರಡು ಬೆರಳುಗಳಿಗೆ ಸ್ಪರ್ಶಜ್ಞಾನವು ಮರಳಲಿಲ್ಲ. ಔಷಧವು ಸೂಕ್ಷ್ಮಜೀವಿಯನ್ನು ಕೊಲ್ಲಬಲ್ಲದು; ಬಹುಕಾಲದಿಂದ ಕೆಟ್ಟ ನರವನ್ನು ಅದು ಹೊಸದಾಗಿ ಮಾಡಿಕೊಡಲಾರದು. ಒಂದು ವರ್ಷ ಮೊದಲು ಯಾರಾದರೂ ಆ ಮಚ್ಚೆಯನ್ನು ಕಂಡು ಮಾತಾಡಿದ್ದರೆ! ಈಗ ಅವಳು ಹಂಚನ್ನು ಇಳಿಸುವಾಗ ತಪ್ಪದೆ ಅರಿವೆಯನ್ನು ಹಿಡಿಯುತ್ತಾಳೆ.

ವಿದ್ಯಾರ್ಥಿನಿಯರು ಆಲೋಚಿಸಿ ಉತ್ತರ ಬರೆಯತಕ್ಕ ಪ್ರಶ್ನೆಗಳು

೧. ಸ್ಪರ್ಧಾತ್ಮಕ ಪ್ರತಿಬಂಧಕ್ಕೂ ಕಿಣ್ವವನ್ನು ಕೆಡಿಸುವ ಪ್ರತಿಬಂಧಕ್ಕೂ ಇರುವ ಭೇದವನ್ನು ನಿಮ್ಮ ಮನೆಯ ಒಂದು ಕೆಲಸದ ಹೋಲಿಕೆಯಿಂದ ವಿವರಿಸಿರಿ.
೨. ಯೀಸ್ಟಿನ ಸಾರವನ್ನು ಸೇರಿಸಿದಾಗ ಸೂಕ್ಷ್ಮಜೀವಿಗಳು ಮತ್ತೆ ಬೆಳೆದದ್ದರಿಂದ ವುಡ್ಸ್ ಏನನ್ನು ಊಹಿಸಿದರು?
೩. ಡ್ಯಾಪ್ಸೋನು ತಡೆಯುವ ಕಿಣ್ವವು ಮನುಷ್ಯನ ದೇಹದಲ್ಲಿ ಇದ್ದಿದ್ದರೆ ಏನಾಗುತ್ತಿತ್ತು?
೪. ಮಚ್ಚೆಯು ಮಾಸಿತೆಂದು ಗುಳಿಗೆಯನ್ನು ಬಿಟ್ಟ ನೆರೆಯವಳಿಗೆ ಒಂದು ಪತ್ರವನ್ನು ಬರೆಯಿರಿ. ಪತ್ರದಲ್ಲಿ ಅಪ್ಪಣೆ ಇರಬಾರದು, ಕಾರಣ ಇರಬೇಕು.